ಹಳೆಯ ವಾಲ್‌ಪೇಪರ್ ಕೀಳಲು ನೀರೋ, ಹಬೆಯೋ, ರಾಸಾಯನಿಕವೋ?

ಹಳೆಯ ವಾಲ್‌ಪೇಪರ್ ಕೀಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ವಿಧಾನ ಬೇಗ? ಆ ಪ್ರಶ್ನೆಗೆ ಸಿಗುವ ಉತ್ತರ ಹಬೆಯ ಯಂತ್ರ, ಕಾಗದಕ್ಕೆ ತೂತು ಮಾಡುವ ಮುಳ್ಳುಚಕ್ರ, ಕೆರೆಯುವ ಚೂಪಾದ ಸ್ಕ್ರೇಪರ್. ಆದರೆ ಕಿತ್ತ ಕಾಗದ ಹೇಗೂ ಕಸಕ್ಕೆ ಹೋಗುವಂಥದ್ದು, ಮನೆಯಲ್ಲಿ ಉಳಿಯುವುದು ಗೋಡೆ. ಒಂದೇ ದಿನದಲ್ಲಿ ಕಾಗದ ಕಿತ್ತೆಸೆದು, ಆಮೇಲೆ ವಾರಗಟ್ಟಲೆ ಗುಳಿ ಮುಚ್ಚುತ್ತ, ಪುಟ್ಟಿ ಬಳಿಯುತ್ತ, ಉಜ್ಜುತ್ತ ಕೂರುವಂತಾದರೆ ಉಳಿಸಿದ ಸಮಯ ಎಲ್ಲಿ ಹೋಯಿತು? ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇಂಥದ್ದಕ್ಕೇ. ಹಾಗಾಗಿ ಇಲ್ಲಿನ ಹೋಲಿಕೆಯನ್ನು ಗೋಡೆಯ ಕಡೆಯಿಂದ ಮಾಡಿದ್ದೇನೆ. ಗೋಡೆ ಯಾವುದು ಎಂದು ಗೊತ್ತಾದರೆ ಅರ್ಧದಷ್ಟು ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಕಾಗದದ ಹಿಂದೆ ಏನಿದೆ?

ಇದನ್ನು ತಿಳಿಯಲು ಏನನ್ನೂ ಒಡೆಯಬೇಕಿಲ್ಲ. ಮೇನ್ ಸ್ವಿಚ್ ಆರಿಸಿ, ಒಂದು ಸ್ವಿಚ್‌ಬೋರ್ಡಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಟಾರ್ಚ್ ಹಿಡಿದು ಅದರ ಹಿಂದಿನ ಅಂಚನ್ನು ನೋಡಿ. ಗೋಡೆಯನ್ನು ಅಡ್ಡಲಾಗಿ ಕೊಯ್ದಂತೆ ಪದರಗಳು ಅಲ್ಲಿ ಕಾಣುತ್ತವೆ. ಬೂದು ಬಣ್ಣದ, ಉಗುರಿನಿಂದ ಎಷ್ಟು ಕೆರೆದರೂ ಜಪ್ಪಯ್ಯ ಎನ್ನದ ಪದರವಿದ್ದರೆ ಅದು ಸಿಮೆಂಟ್ ಗಿಲಾವು. ಉಗುರಿಗೆ ಬಿಳಿಯ ಪುಡಿ ಬಂದರೆ ಜಿಪ್ಸಮ್ ಗಿಲಾವು, ಇಲ್ಲವೇ ಸಿಮೆಂಟಿನ ಮೇಲೆ ಬಳಿದ ಪುಟ್ಟಿ. ಬಿಳಿಯ ತಿರುಳಿನ ಮೇಲೆ ದಪ್ಪ ಕಾಗದದ ಹೊದಿಕೆ ಕಂಡರೆ ಜಿಪ್ಸಮ್ ಬೋರ್ಡ್. ಮುಟ್ಟಿದರೆ ಮರಳು ಉದುರುವ ಮೆತ್ತನೆಯ ಪದರವಾದರೆ ಹಳೆಯ ಸುಣ್ಣದ ಗಾರೆ.

ಸಿಮೆಂಟ್ ಗಿಲಾವು ನೀರು, ಹಬೆ, ಸ್ಕ್ರೇಪರ್ ಎಲ್ಲವನ್ನೂ ತಡೆದುಕೊಳ್ಳುತ್ತದೆ. ಅದರ ಮೇಲೆ ಕೆಲಸ ಮಾಡುವವರು ಈ ಲೇಖನದ ಅರ್ಧ ಎಚ್ಚರಿಕೆಗಳನ್ನು ಬಿಟ್ಟು ಓದಬಹುದು. ಜಿಪ್ಸಮ್ ಹಾಗಲ್ಲ. ಒಂದು ಲೀಟರ್ ನೀರಿನಲ್ಲಿ ಸುಮಾರು 2 ಗ್ರಾಂನಷ್ಟು ಕರಗುವ ಖನಿಜ ಅದು. ಒಮ್ಮೆ ಒದ್ದೆಯಾಗಿ ಒಣಗಿದರೆ ಏನೂ ಆಗುವುದಿಲ್ಲ, ಆದರೆ ತಾಸುಗಟ್ಟಲೆ ನೆನೆದರೆ ಮೇಲ್ಮೈ ಮೆತ್ತಗಾಗಿ ಸ್ಕ್ರೇಪರಿನ ಅಂಚು ಸಲೀಸಾಗಿ ಒಳಗಿಳಿಯುತ್ತದೆ. ಜಿಪ್ಸಮ್ ಬೋರ್ಡಿನ ಕಥೆ ಇನ್ನೂ ಸೂಕ್ಷ್ಮ. ಅದರ ಗಟ್ಟಿತನದ ಬಹುಪಾಲು ಮೇಲಿನ ಕಾಗದದ ಹೊದಿಕೆಯಲ್ಲೇ ಇದೆ. ನೀವು ಕೀಳುತ್ತಿರುವುದು ಕಾಗದ, ಉಳಿಸಿಕೊಳ್ಳಬೇಕಾದದ್ದೂ ಕಾಗದ, ಎರಡೂ ನೀರಿಗೆ ಮೆತ್ತಗಾಗುವಂಥವು.

ಬೋರ್ಡಿನ ಗೋಡೆಯಾದರೆ ಇನ್ನೊಂದು ಸಂಗತಿಯನ್ನು ಪತ್ತೆಹಚ್ಚಬೇಕು: ವಾಲ್‌ಪೇಪರ್ ಅಂಟಿಸುವ ಮೊದಲು ಪ್ರೈಮರ್ ಅಥವಾ ಬಣ್ಣ ಬಳಿದಿದ್ದರೇ? ಬಳಿದಿದ್ದರೆ ನಿಮ್ಮ ಅದೃಷ್ಟ, ನಡುವೆ ಒಂದು ತಡೆ ಇದೆ. ಬಳಿಯದೆ ನೇರವಾಗಿ ಅಂಟಿಸಿದ್ದರೆ ಎರಡು ಕಾಗದಗಳ ನಾರು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಬಾಗಿಲ ಹಿಂದೆಯೋ ಕಪಾಟಿನ ಹಿಂದೆಯೋ ಅಂಗೈಯಗಲ ಜಾಗದಲ್ಲಿ ಕಾಗದ ಬಿಡಿಸಿ ನೋಡಿ. ಬಣ್ಣದ ಪದರ ಕಂಡರೆ ಮುಂದುವರಿಯಿರಿ. ಕಂದು ಬಣ್ಣದ ನಾರುನಾರಾದ ಕಾಗದ ಎದ್ದು ಬಂದರೆ ಅಲ್ಲಿಗೇ ಕೈ ತಡೆದು, ತೆಗೆಯದೇ ಬಿಡುವ ಆಯ್ಕೆಯ ಬಗ್ಗೆ ಮುಂದೆ ಬರೆದಿರುವ ಭಾಗವನ್ನು ಮೊದಲು ಓದಿಕೊಳ್ಳಿ.

ಇನ್ನು ಕಾಗದ. ಅದರ ಮೇಲೆ ಒಂದು ಹನಿ ನೀರು ಹಾಕಿ. ಹೀರಿಕೊಂಡು ಆ ಜಾಗ ಕಪ್ಪಾದರೆ ಸಾದಾ ಕಾಗದ. ಹನಿ ಹಾಗೆಯೇ ಮುತ್ತಾಗಿ ನಿಂತರೆ ಪ್ಲಾಸ್ಟಿಕ್ ಹೊದಿಕೆಯ ವಿನೈಲ್ ಅಥವಾ ಮೇಲೆ ಬಣ್ಣ ಬಳಿದ ಕಾಗದ. ವಿನೈಲ್ ಮೇಲೆ ಎಷ್ಟೇ ನೀರು ಸುರಿದರೂ ಹಿಂದಿನ ಅಂಟಿಗೆ ಒಂದು ತೊಟ್ಟೂ ತಲುಪುವುದಿಲ್ಲ.

ಒಣಗಿದ್ದಂತೆಯೇ ಎಳೆಯುವುದು

ಯಾವ ಗೋಡೆಯಾದರೂ, ಯಾವ ಕಾಗದವಾದರೂ ಮೊದಲು ಇದನ್ನು ಮಾಡಿ ನೋಡಲೇಬೇಕು. ಖರ್ಚಿಲ್ಲ, ಗೋಡೆಗೆ ನೀರು ಸೋಕುವುದಿಲ್ಲ. ಈಚಿನ ನಾನ್‌ವೋವನ್ (ನೇಯದೆ ನಾರುಗಳನ್ನು ಒತ್ತಿ ಮಾಡಿದ) ವಾಲ್‌ಪೇಪರ್‌ಗಳು ಒಣಗಿದ್ದಂತೆಯೇ ಪಟ್ಟಿಪಟ್ಟಿಯಾಗಿ ಬರಲೆಂದೇ ತಯಾರಾದವು. ವಿನೈಲ್‌ನಲ್ಲಿ ಅನೇಕ ವೇಳೆ ಮೇಲಿನ ಪ್ಲಾಸ್ಟಿಕ್ ಪದರ ಮಾತ್ರ ಬಂದು, ಹಿಂಬದಿಯ ತೆಳುವಾದ ಬಿಳಿ ಕಾಗದ ಗೋಡೆಯಲ್ಲೇ ಉಳಿಯುತ್ತದೆ. ಅದನ್ನು ಸೋಲು ಎಂದುಕೊಳ್ಳಬೇಡಿ. ನೀರಿಗೆ ಅಡ್ಡ ನಿಂತಿದ್ದುದು ಹೋಯಿತು, ಉಳಿದ ಕಾಗದ ನೀರನ್ನು ಹೀರಲು ಬಾಯ್ದೆರೆದು ಕುಳಿತಿದೆ.

ಎಳೆಯುವ ದಿಕ್ಕಿನ ಮೇಲೆ ಬಹಳಷ್ಟು ನಿಂತಿದೆ. ಮೂಲೆಯನ್ನು ತೆಳುವಾದ ಚಾಕುವಿನಿಂದ ಎಬ್ಬಿಸಿ, ನಿಮ್ಮ ಎದೆಯ ಕಡೆಗೆ ಎಳೆಯದೆ, ಕಾಗದವನ್ನು ಅದರ ಮೇಲೆಯೇ ಮಡಚಿ ಗೋಡೆಗೆ ಒತ್ತಿಕೊಂಡಂತೆ ನಿಧಾನವಾಗಿ ಎಳೆಯಿರಿ. ಹೊರಗೆ ಜಗ್ಗಿದರೆ ಬಲವೆಲ್ಲ ಗೋಡೆಯ ಮೇಲ್ಮೈಯನ್ನು ಕೀಳಲು ಹೋಗುತ್ತದೆ, ಗೋಡೆಗೆ ಸಮಾನಾಂತರವಾಗಿ ಎಳೆದರೆ ಅಂಟನ್ನು ಬಿಡಿಸಲು ಹೋಗುತ್ತದೆ. ಜಿಪ್ಸಮ್ ಬೋರ್ಡ್ ಮೇಲೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹಿಂದೆಯೇ ಅಂಟು ಹಚ್ಚಿಕೊಂಡು ಬರುವ ಸ್ಟಿಕ್ಕರ್ ಬಗೆಯ ವಾಲ್‌ಪೇಪರ್‌ಗೂ ಇದೇ ದಾರಿ. ಆ ಅಂಟು ನೀರಿಗೆ ಜಗ್ಗುವುದಿಲ್ಲ, ಆದರೆ ಬಿಸಿಗೆ ಸಡಿಲವಾಗುತ್ತದೆ. ಕೂದಲು ಒಣಗಿಸುವ ಡ್ರೈಯರ್‌ನಿಂದ ಸ್ವಲ್ಪ ಸ್ವಲ್ಪ ಜಾಗ ಬೆಚ್ಚಗೆ ಮಾಡುತ್ತ ಎಳೆದರೆ ಸಾಕು.

ನೀರು ಮತ್ತು ಕಾಯುವಿಕೆ

ನನ್ನನ್ನು ಕೇಳಿದರೆ ಹತ್ತರಲ್ಲಿ ಎಂಟು ಗೋಡೆಗಳಿಗೆ ಇದೇ ಉತ್ತರ. ಇದರ ಹೆಸರು ಕೆಟ್ಟಿರುವುದಕ್ಕೆ ಕಾರಣ ನೀರಲ್ಲ, ನೀರು ಹಚ್ಚಿದ ಮರುಗಳಿಗೆಯೇ ಕೆರೆಯಲು ಶುರುಮಾಡುವ ನಮ್ಮ ಆತುರ.

ವಾಲ್‌ಪೇಪರ್ ಅಂಟುಗಳಲ್ಲಿ ಹೆಚ್ಚಿನವು ನೀರಿನಲ್ಲಿ ಕಲಸಿ ಮಾಡಿದಂಥವು. ಒಣಗಿದ ಮೇಲೂ ನೀರು ಸಿಕ್ಕರೆ ಉಬ್ಬಿ ಮತ್ತೆ ಮೆತ್ತಗಾಗುತ್ತವೆ, ಆದರೆ ಅದಕ್ಕೆ ಹೊತ್ತು ಬೇಕು. ಹಳೆಯ ಕಾಲದವು ಹಿಟ್ಟಿನ ಪಿಷ್ಟದಿಂದ ಮಾಡಿದ ಅಂಟುಗಳು, ಇವಕ್ಕೆ ಬೆಚ್ಚನೆಯ ನೀರು ಒಳ್ಳೆಯದು. ಆಮೇಲೆ ಬಂದ ಪುಡಿಯ ಅಂಟುಗಳಲ್ಲಿ ಮೀಥೈಲ್ ಸೆಲ್ಯುಲೋಸ್ ಮುಖ್ಯವಾದದ್ದು, ಅದರ ಗುಣ ತಲೆಕೆಳಗು: ತಣ್ಣೀರಿನಲ್ಲಿ ಕರಗುತ್ತದೆ, ಬಿಸಿಯಾದರೆ ಗಟ್ಟಿ ಲೋಳೆಯಾಗುತ್ತದೆ. ನೀರು ಕುದಿಯುವಷ್ಟು ಬಿಸಿಯಿದ್ದರೇ ಕೆಲಸ ಸುಲಭ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಗೋಡೆಯ ಮೇಲಿರುವುದು ಯಾವ ಅಂಟು ಎಂದು ಗೊತ್ತಿಲ್ಲದಿದ್ದರೆ ಕೈಗೆ ಹಿತವಾಗುವಷ್ಟು ಉಗುರುಬೆಚ್ಚಗಿನ ನೀರು ಎರಡಕ್ಕೂ ಸಲ್ಲುತ್ತದೆ.

ನೀರಿಗೆ ಪಾತ್ರೆ ತೊಳೆಯುವ ದ್ರವದ ಕೆಲವು ತೊಟ್ಟು ಬೆರೆಸಿ. ನೀರು ಹನಿಗಟ್ಟಿ ಜಾರಿಹೋಗದೆ ಕಾಗದದೊಳಕ್ಕೆ ಇಳಿಯಲು ಅದು ನೆರವಾಗುತ್ತದೆ. ಬಣ್ಣ ಬಳಿಯುವ ಹಳೆಯ ರೋಲರ್, ಸ್ಪಂಜು ಅಥವಾ ಗಿಡಗಳಿಗೆ ಸಿಂಪಡಿಸುವ ಪಂಪು, ಯಾವುದಾದರೂ ಆದೀತು. ಮೇಲಿನಿಂದ ಕೆಳಕ್ಕೆ, ಒಂದು ಬಾರಿಗೆ ಒಂದೆರಡು ಪಟ್ಟಿಗಳನ್ನು ಮಾತ್ರ ಒದ್ದೆ ಮಾಡಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ. ಗೋಡೆ ಸಿಮೆಂಟಿನದಾದರೆ ಮೂರನೆಯ ಬಾರಿಯೂ ಹಚ್ಚಿ, ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕೈಯಿಂದ ಸವರಿ ಅಂಟಿಸಿಬಿಡಿ. ಒದ್ದೆ ಕಾಗದಕ್ಕೆ ಅದು ತಾನಾಗಿಯೇ ಕಚ್ಚಿಕೊಳ್ಳುತ್ತದೆ, ನೀರು ಆರದಂತೆ ತಡೆಯುತ್ತದೆ. ಒಂದೆರಡು ತಾಸು ಬೇರೆ ಕೆಲಸ ನೋಡಿಕೊಂಡು ಬನ್ನಿ. ಬಣ್ಣದ ಕೆಲಸದವರು ಮಾಡುವ ಇನ್ನೊಂದು ಉಪಾಯವೂ ಇದೆ: ನೀರಿಗೆ ಒಂದು ಹಿಡಿ ವಾಲ್‌ಪೇಪರ್ ಅಂಟಿನ ಪುಡಿಯನ್ನೇ ಬೆರೆಸಿ ಮಂದ ಮಾಡುವುದು. ಕೀಳಲು ಹೊರಟವರು ಅಂಟು ಹಚ್ಚುವುದೇ ಎಂದು ನಗು ಬಂದೀತು. ಆದರೆ ಮಂದವಾದ ನೀರು ನೆಲಕ್ಕೆ ಇಳಿಯದೆ ಗೋಡೆಯಲ್ಲೇ ನಿಲ್ಲುತ್ತದೆ.

ಹದ ಬಂದದ್ದನ್ನು ಕಾಗದವೇ ತೋರಿಸುತ್ತದೆ. ಬಣ್ಣ ಕಪ್ಪಾಗಿ, ಅಲ್ಲಲ್ಲಿ ಸುಕ್ಕು ಎದ್ದು, ಎರಡು ಪಟ್ಟಿಗಳು ಕೂಡುವ ಅಂಚು ತಾನಾಗಿ ಸುರುಳಿಯಾಗತೊಡಗುತ್ತದೆ. ಆಗ ಅಗಲವಾದ ಸ್ಕ್ರೇಪರನ್ನು ಗೋಡೆಗೆ ಹೆಚ್ಚುಕಡಿಮೆ ಮಲಗಿಸಿದಂತೆ ಹಿಡಿದು ಅಂಚಿನಡಿ ತೂರಿಸಿದರೆ ಕಾಗದ ಲೋಳೆಯಂಥ ಅಂಟಿನ ಸಮೇತ ಮಡಿಕೆ ಮಡಿಕೆಯಾಗಿ ಜಾರಿ ಬರುತ್ತದೆ, ಸದ್ದೇ ಇರುವುದಿಲ್ಲ. ಕರಕರ ಸದ್ದು ಬಂದರೆ, ಬೆರಳಗಲದ ಚೂರುಗಳಷ್ಟೇ ಏಳುತ್ತಿದ್ದರೆ ಇನ್ನೂ ನೆನೆದಿಲ್ಲ ಎಂದು ಅರ್ಥ. ಕೈಯ ಬಲ ಹೆಚ್ಚಿಸಬೇಡಿ, ಇನ್ನೊಮ್ಮೆ ನೀರು ಹಚ್ಚಿ. ಸ್ಕ್ರೇಪರಿನ ಎರಡು ಚೂಪು ಮೂಲೆಗಳನ್ನು ಮೊದಲೇ ಅರದಿಂದ ಉಜ್ಜಿ ದುಂಡಗೆ ಮಾಡಿಕೊಂಡರೆ ಒಳ್ಳೆಯದು. ಗೋಡೆಯ ಮೇಲೆ ಕಾಣುವ ಗೀರುಗಳಲ್ಲಿ ಹೆಚ್ಚಿನವು ಆ ಮೂಲೆಗಳದ್ದೇ.

ಜಿಪ್ಸಮ್ ಬೋರ್ಡ್ ಮೇಲೆ ಇದೇ ವಿಧಾನವನ್ನು ಕೈಬಿಗಿ ಹಿಡಿದು ಮಾಡಬೇಕು. ಪಂಪು ಬೇಡ, ಹಿಂಡಿದ ಸ್ಪಂಜು ಸಾಕು. ಒಂದು ಬಾರಿಗೆ ಒಂದೇ ಪಟ್ಟಿ, ಐದಾರು ನಿಮಿಷದ ಕಾಯುವಿಕೆ, ಪ್ಲಾಸ್ಟಿಕ್ ಸ್ಕ್ರೇಪರ್. ಬೋರ್ಡುಗಳು ಕೂಡುವ ಸಂದುಗಳಲ್ಲಿ ನೀರು ನಿಲ್ಲದಂತೆ ಬಟ್ಟೆಯಿಂದ ಒರೆಸುತ್ತ ಹೋಗಿ.

ಹಬೆ

ಹಬೆಯ ಯಂತ್ರದ ತಟ್ಟೆಯನ್ನು ಕಾಗದಕ್ಕೆ ಒತ್ತಿ ಹಿಡಿದರೆ ಬಿಸಿಯೂ ತೇವವೂ ಒಟ್ಟಿಗೆ ಒಳಗೆ ಹೋಗುತ್ತವೆ. ಒಂದರ ಮೇಲೊಂದು ಮೂರು ನಾಲ್ಕು ವಾಲ್‌ಪೇಪರ್ ಅಂಟಿಸಿರುವ ಗೋಡೆ, ಮೇಲೆ ಹಲವು ಸಲ ಬಣ್ಣ ಬಳಿದ ಉಬ್ಬುತಗ್ಗಿನ ಕಾಗದ, ಇಂಥ ಕಡೆ ನೀರು ಸೋತರೂ ಹಬೆ ಗೆಲ್ಲುತ್ತದೆ. ಗೋಡೆ ಸಿಮೆಂಟ್ ಅಥವಾ ಗಟ್ಟಿಮುಟ್ಟಾದ ಗಿಲಾವಾಗಿದ್ದರೆ ನಿಶ್ಚಿಂತೆಯಿಂದ ಬಳಸಬಹುದು.

ಜಿಪ್ಸಮ್ ಬೋರ್ಡಿಗಾದರೆ ನಾನು ಬೇಡ ಎನ್ನುತ್ತೇನೆ. ಅರೆಕ್ಷಣ ಹೆಚ್ಚಾದರೂ ಬೋರ್ಡಿನ ಸ್ವಂತ ಕಾಗದ ಗುಳ್ಳೆ ಎದ್ದು ನಿಲ್ಲುತ್ತದೆ, ಮತ್ತೆ ಕೂರುವುದಿಲ್ಲ. ಜಿಪ್ಸಮ್ ಗಿಲಾವಿನ ಮೇಲೆ ಬಳಸಬಹುದು, ಆದರೆ ತಟ್ಟೆ ಒಂದೇ ಕಡೆ ನಿಲ್ಲಬಾರದು. ಇಪ್ಪತ್ತು ಮೂವತ್ತು ಸೆಕೆಂಡು ಹಿಡಿದು ಮುಂದಕ್ಕೆ ಸರಿಸಿ. ಮೇಲಿನ ನುಣುಪು ಪದರಕ್ಕೂ ಅದರಡಿಯ ಒರಟು ಪದರಕ್ಕೂ ಬಿಸಿ ಒಂದೇ ಸಮನೆ ತಾಗುವುದಿಲ್ಲವಾದ್ದರಿಂದ ಎರಡರ ನಡುವಿನ ಹಿಡಿತ ಬಿಟ್ಟು, ಅಂಗೈಯಗಲದ ಹಕ್ಕಳೆ ಕಾಗದದ ಜೊತೆಯೇ ಕೈಗೆ ಬರಬಹುದು. ಗೆಣ್ಣಿನಿಂದ ಮೊದಲೇ ಗೋಡೆಯನ್ನೆಲ್ಲ ತಟ್ಟಿ ನೋಡಿ. ಡಬ್ ಎಂದು ಪೊಳ್ಳು ಸದ್ದು ಬರುವ ಕಡೆ ಗಿಲಾವು ಆಗಲೇ ಬಿಟ್ಟಿದೆ ಎಂದು ಅರ್ಥ, ಪೆನ್ಸಿಲ್‌ನಿಂದ ಗುರುತು ಹಾಕಿ ಅಲ್ಲಿಗೆ ಹಬೆ ಒಯ್ಯಬೇಡಿ. ಹಳೆಯ ಸುಣ್ಣದ ಗಾರೆಯ ಗೋಡೆಗಳಲ್ಲಿ ಕೆಲವೊಮ್ಮೆ ಗಾರೆಯನ್ನು ಹಿಡಿದಿಟ್ಟಿರುವುದೇ ವಾಲ್‌ಪೇಪರ್. ಅಂಥ ಕಡೆ ಯಾವ ವಿಧಾನವೂ ಗೋಡೆಯನ್ನು ಉಳಿಸಿಕೊಡಲಾರದು, ಕಾಗದದ ಜೊತೆ ಗಾರೆಯ ದುರಸ್ತಿಯನ್ನೂ ಲೆಕ್ಕಕ್ಕೆ ಹಿಡಿದೇ ಇಳಿಯಬೇಕು.

ಹಬೆಯ ಕೆಲಸದಲ್ಲಿ ಗೋಡೆಗಿಂತ ಮೈಯ ಜಾಗ್ರತೆ ದೊಡ್ಡದು. ಕೈಯನ್ನು ತಲೆಗಿಂತ ಮೇಲೆತ್ತಿ ತಟ್ಟೆ ಹಿಡಿದಾಗ ಸುಡುನೀರು ಮುಂಗೈಯಿಂದ ತೋಳಿನೊಳಕ್ಕೆ ಇಳಿಯುತ್ತದೆ. ಉದ್ದ ತೋಳಿನ ಬಟ್ಟೆ, ಅಂಚು ಹೊರಕ್ಕೆ ಮಡಚಿದ ರಬ್ಬರ್ ಕೈಗವಸು, ಕನ್ನಡಕ ಬೇಕೇಬೇಕು. ಆ ಕೋಣೆಯ ಸ್ವಿಚ್‌ಬೋರ್ಡುಗಳಿಗೆ ವಿದ್ಯುತ್ ಕಡಿದಿರಬೇಕು, ಯಂತ್ರಕ್ಕೆ ಬೇರೆ ಕೋಣೆಯಿಂದ ತಂತಿ ಎಳೆಯಬೇಕು. ನೀರಿನ ವಿಧಾನದಲ್ಲಿ ಮೇಲಿನಿಂದ ಕೆಳಗೆ ಹೋದರೆ ಇಲ್ಲಿ ಕೆಳಗಿನಿಂದ ಶುರುಮಾಡಿ. ಮೇಲೇರುವ ಹಬೆ ಮುಂದಿನ ಜಾಗವನ್ನು ತಾನೇ ಸ್ವಲ್ಪ ಮೆತ್ತಗೆ ಮಾಡಿಟ್ಟಿರುತ್ತದೆ.

ಬಾಟಲಿಯಲ್ಲಿ ಬರುವ ಉಪಾಯಗಳು

ಅಂಗಡಿಯಲ್ಲಿ ಸಿಗುವ ವಾಲ್‌ಪೇಪರ್ ತೆಗೆಯುವ ದ್ರವ ಮತ್ತು ಜೆಲ್‌ಗಳಲ್ಲಿ ಕೆಲವು ಬರೀ ನೀರನ್ನು ಒಳಗಿಳಿಸುವಂಥವು, ಅವು ನಿಮ್ಮ ಪಾತ್ರೆ ತೊಳೆಯುವ ದ್ರವದ ದುಬಾರಿ ನೆಂಟರು. ಇನ್ನು ಕೆಲವು ಕಿಣ್ವ ಬೆರೆತವು. ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹಿಟ್ಟಿನ ಅಂಟಿರುವ ಹಳೆಯ ಗೋಡೆಗೆ ಇದು ನಿಜಕ್ಕೂ ಬೆಲೆಬಾಳುತ್ತದೆ, ಸೆಲ್ಯುಲೋಸ್ ಅಂಟಿನ ಮೇಲೆ ಅದರ ಆಟ ನಡೆಯದು. ಕಿಣ್ವವನ್ನು ಕುದಿಯುವ ನೀರಿಗೆ ಹಾಕಿದರೆ ಅಲ್ಲೇ ಸಾಯುತ್ತದೆ. ಜೆಲ್ ರೂಪದಲ್ಲಿರುವುದು ಜಿಪ್ಸಮ್ ಬೋರ್ಡಿಗೆ ಒಳ್ಳೆಯ ಆಯ್ಕೆ, ಏಕೆಂದರೆ ಕಡಿಮೆ ನೀರಿನಲ್ಲಿ ಹೆಚ್ಚು ಹೊತ್ತು ಕಾಗದ ತೇವವಾಗಿರುತ್ತದೆ. ಹಣ ಖರ್ಚು ಮಾಡುವುದಾದರೆ ಅಲ್ಲಿ ಮಾಡಿ.

ಬಟ್ಟೆ ಮೃದುಗೊಳಿಸುವ ದ್ರವವನ್ನು ನೀರಿಗೆ ಬೆರೆಸುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಅದರ ಜಿಡ್ಡು ಗೋಡೆಯಲ್ಲಿ ಉಳಿದರೆ ಮುಂದೆ ಬಳಿಯುವ ಬಣ್ಣ ಕಚ್ಚದು. ವಿನೆಗರ್‌ನಿಂದ ಬರೀ ನೀರಿಗಿಂತ ಹೆಚ್ಚೇನೂ ಸಾಧಿಸಿದಂತೆ ನನಗೆ ಕಾಣುವುದಿಲ್ಲ. ಸುಣ್ಣದ ಗಾರೆಗೆ ಆಮ್ಲ ಒಗ್ಗುವುದೂ ಇಲ್ಲ. ವಿನೈಲ್ ಹಿಂದೆ ಬೂಷ್ಟು ಕಂಡು ಬ್ಲೀಚ್ ಬಳಸಿದ್ದರಂತೂ ವಿನೆಗರ್ ಹತ್ತಿರ ತರಲೇಬೇಡಿ. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಮುಳ್ಳುಚಕ್ರದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕಾಗದದಲ್ಲಿ ಸಣ್ಣ ತೂತು ಮಾಡಿ ನೀರಿಗೆ ದಾರಿ ಕೊಡುವ ಈ ಸಾಧನ ಸಿಮೆಂಟ್ ಗೋಡೆಯ ಮೇಲಿನ ಬಣ್ಣ ಬಳಿದ ಕಾಗದಕ್ಕೆ ಉಪಯುಕ್ತ. ಜಿಪ್ಸಮ್ ಬೋರ್ಡ್ ಮೇಲೆ ಉರುಳಿಸಿದರೆ ಅದೇ ತೂತುಗಳು ಬೋರ್ಡಿನ ಹೊದಿಕೆಯಲ್ಲೂ ಬೀಳುತ್ತವೆ, ಅವುಗಳ ಮೂಲಕ ನೀರು ತಿರುಳಿಗೆ ಇಳಿಯುತ್ತದೆ. ಒಣಗಿದ ಕಾಗದವನ್ನು ಯಂತ್ರದಿಂದ ಉಜ್ಜಿ ತೆಗೆಯುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಹಳೆಯ ಮನೆಗಳಲ್ಲಿ ಅಡಿಯಲ್ಲಿ ಸೀಸದ ಬಣ್ಣವಿರಬಹುದು, ಧೂಳಾಗಿ ಎದ್ದರೆ ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಇನ್ನೂ ಹಳೆಯದಾದರೆ ಕಾಗದದ್ದೇ ಭಯ: 1775ರಲ್ಲಿ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಷೀಲೆ ತಯಾರಿಸಿದ ಹಸಿರು ಬಣ್ಣದಲ್ಲಿ ಆರ್ಸೆನಿಕ್ ಇತ್ತು, 19ನೆಯ ಶತಮಾನದ ಎಷ್ಟೋ ವಾಲ್‌ಪೇಪರ್‌ಗಳು ಅಂಥ ಹಸಿರಿನವೇ.

ತೆಗೆಯದೇ ಬಿಡುವುದೂ ಒಂದು ಆಯ್ಕೆ

ಪರೀಕ್ಷೆಯ ಜಾಗದಲ್ಲಿ ಬೋರ್ಡಿನ ಕಾಗದವೇ ಎದ್ದು ಬಂದಿದ್ದರೆ, ಇಡೀ ಗೋಡೆಯನ್ನು ಹಾಗೆ ಸಿಗಿಯುವುದಕ್ಕಿಂತ ವಾಲ್‌ಪೇಪರನ್ನು ಅಲ್ಲೇ ಇರಲು ಬಿಡುವುದು ಜಾಣತನ. ಕಾಗದ ಎಲ್ಲ ಕಡೆ ಗಟ್ಟಿಯಾಗಿ ಕಚ್ಚಿಕೊಂಡಿರಬೇಕು, ಒಳಗೆ ಬೂಷ್ಟು ಇರಬಾರದು ಎನ್ನುವುದಷ್ಟೇ ಷರತ್ತು. ಎದ್ದ ಅಂಚುಗಳನ್ನು ಕತ್ತರಿಸಿ ತೆಗೆದು, ಆಯಿಲ್ ಪ್ರೈಮರ್ ಬಳಿದು, ಅದು ಒಣಗಿದ ಮೇಲೆ ಸಂದುಗಳಿಗೆ ಪುಟ್ಟಿ ಹಾಕಿ ನುಣುಪು ಮಾಡಿ ಬಣ್ಣ ಕೊಡಿ. ನೀರು ಬೆರೆಸುವ ಪ್ರೈಮರನ್ನು ನೇರವಾಗಿ ಬಳಿದರೆ ಹಿಂದಿನ ಅಂಟು ಮತ್ತೆ ಮೆತ್ತಗಾಗಿ ಗುಳ್ಳೆಗಳೇಳುತ್ತವೆ. ಸಿಮೆಂಟ್ ಗೋಡೆಯವರು ಸೋಮಾರಿತನಕ್ಕಾಗಿ ಈ ದಾರಿ ಹಿಡಿಯಬೇಡಿ. ಓರೆಯಾಗಿ ಬೆಳಕು ಬಿದ್ದಾಗ ಪಟ್ಟಿಗಳ ಸಂದು ಎದ್ದು ಕಾಣುತ್ತದೆ, ಮುಂದೆ ಎಂದಾದರೂ ಕೀಳಬೇಕೆಂದರೆ ಬಣ್ಣ ಹೊದ್ದ ಕಾಗದ ಇನ್ನಷ್ಟು ಕಾಡುತ್ತದೆ.

ಕಾಗದ ಹೋದ ಮೇಲೆ

ಗೋಡೆ ಸ್ವಚ್ಛವಾಗಿ ಕಂಡರೂ ಅಂಟಿನ ತೆಳುಪದರ ಉಳಿದೇ ಇರುತ್ತದೆ. ಅದರ ಮೇಲೆ ಬಣ್ಣ ಬಳಿದರೆ ಒಣಗುವಾಗ ಸಣ್ಣ ಬಿರುಕುಗಳ ಬಲೆ ಮೂಡುತ್ತದೆ. ಒದ್ದೆ ಬೆರಳಿನಿಂದ ಗೋಡೆ ಸವರಿ ನೋಡಿ, ಲೋಳೆಲೋಳೆ ಎನಿಸಿದರೆ ಅಂಟು ಇದೆ. ಪಿಷ್ಟದ ಅಂಟಾದರೆ ಇನ್ನೂ ನಿಖರವಾದ ಪರೀಕ್ಷೆ ಇದೆ: ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದು ತೊಟ್ಟನ್ನು ನೀರಿಗೆ ಬೆರೆಸಿ ಚಿಮುಕಿಸಿದರೆ ಅಂಟಿರುವ ಕಡೆ ನೀಲಿಗಪ್ಪು ಬಣ್ಣ ಬರುತ್ತದೆ. ಸೆಲ್ಯುಲೋಸ್ ಅಂಟು ಹೀಗೆ ಬಣ್ಣ ತಿರುಗುವುದಿಲ್ಲ, ಅದಕ್ಕೆ ಬೆರಳೇ ಗತಿ. ಉಗುರುಬೆಚ್ಚಗಿನ ನೀರು, ಸ್ಪಂಜು ಹಿಡಿದು ನೀರನ್ನು ಆಗಾಗ ಬದಲಿಸುತ್ತ ತೊಳೆಯಿರಿ. ಅದೇ ಕಲಗಚ್ಚಿನಲ್ಲಿ ಒರೆಸುತ್ತಿದ್ದರೆ ಅಂಟನ್ನು ಗೋಡೆಯ ತುಂಬ ಸಮನಾಗಿ ಹಂಚಿದಂತಾಗುತ್ತದೆ.

ಆಮೇಲೆ ಕಿಟಕಿ ತೆರೆದು ಒಣಗಲು ಬಿಡಿ. ಬೋರ್ಡಿಗೆ ಒಂದೆರಡು ದಿನ, ದಪ್ಪ ಗಿಲಾವಿಗೆ ಇನ್ನೂ ಹೆಚ್ಚು. ಅಲ್ಲಲ್ಲಿ ಬೋರ್ಡಿನ ಕಾಗದ ಕಿತ್ತು ಕಂದು ಪದರ ಕಾಣುತ್ತಿದ್ದರೆ ಅದರ ಮೇಲೆ ನೇರವಾಗಿ ಪುಟ್ಟಿ ಹಾಕಬೇಡಿ, ಪುಟ್ಟಿಯ ನೀರನ್ನು ಹೀರಿ ಅದು ಉಬ್ಬುತ್ತದೆ. ಸುತ್ತಲಿನ ಜೂಲನ್ನು ಬ್ಲೇಡಿನಿಂದ ಕತ್ತರಿಸಿ, ಉಪ್ಪುಕಾಗದದಿಂದ ಹಗುರವಾಗಿ ಸವರಿ, ಮೊದಲು ಆಯಿಲ್ ಪ್ರೈಮರ್ ಅಥವಾ ಅರಗಿನ ಪ್ರೈಮರ್ ಬಳಿದು ಒಣಗಿಸಿ, ಆಮೇಲೆ ಪುಟ್ಟಿ. ಅದೇ ಗೋಡೆಗೆ ಮತ್ತೆ ವಾಲ್‌ಪೇಪರ್ ಅಂಟಿಸುವ ಯೋಚನೆಯಿದ್ದರೆ ಇಡೀ ಗೋಡೆಗೆ ಒಂದು ಕೈ ಪ್ರೈಮರ್ ಕೊಟ್ಟು, ಒಣಗಿದಂತೆಯೇ ಕಿತ್ತು ಬರುವ ನಾನ್‌ವೋವನ್ ಬಗೆಯನ್ನೇ ಆರಿಸಿಕೊಳ್ಳಿ.